ಅಮ್ಮ ನಕ್ಕ ಜಾಗಗಳು

ಸ್ಟುಡಿಯೊದಲ್ಲಿ ಅವಳನ್ನು ಎಲ್ಲರೂ ನಗಮ್ಮ ಎಂದೇ ಕರೆಯುತ್ತಿದ್ದರು. ಅವಳು ಹೆಚ್ಚು ನಗುತ್ತಿದ್ದಳೆಂದಲ್ಲ. ನಗು ಹಾಕುವುದು ಅವಳ ಕೆಲಸವಾಗಿತ್ತು. ಟಿವಿಯ ಹಾಸ್ಯ ಧಾರಾವಾಹಿಯಲ್ಲಿ ಒಬ್ಬ ಮಾತು ಮುಗಿಸಿದ ಕೂಡಲೇ ಕಾಣದ ಜನರ ಗುಂಪೊಂದು ಹೋ ಎಂದು ನಗುತ್ತದಲ್ಲ, ಆ ಗುಂಪು ವಾಸವಾಗಿದ್ದದ್ದು ಅವಳ ಕಂಪ್ಯೂಟರಿನಲ್ಲಿ. ಎರಡನೇ ಮಹಡಿಯ ಕಿಟಕಿಯಿಲ್ಲದ ಕೋಣೆ. ಗೋಡೆಗೆಲ್ಲ ಬೂದುಬಣ್ಣದ ಸ್ಪಂಜು. ಅಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತು, ಯಾರು ಎಲ್ಲಿ ಎಷ್ಟು ಹೊತ್ತು ನಗಬೇಕೆಂದು ಅವಳು ತೀರ್ಮಾನಿಸುತ್ತಿದ್ದಳು.

ಒಟ್ಟು ನಾನ್ನೂರು ಚಿಲ್ಲರೆ ನಗುಗಳಿದ್ದವು. ಎಲ್ಲವಕ್ಕೂ ಅವಳೇ ಹೆಸರಿಟ್ಟಿದ್ದಳು. ಮೂರನೇ ಸಾಲಿನ ಮಾವ ಎಲ್ಲರಿಗಿಂತ ಅರ್ಧ ಸೆಕೆಂಡು ತಡವಾಗಿ ನಗುತ್ತಿದ್ದ, ಜೋಕು ಆಗಷ್ಟೇ ತಲೆಗೆ ಹೋದವನ ಹಾಗೆ. ವಾರಗಿತ್ತಿಯರು ಇಬ್ಬರು, ಒಬ್ಬಳು ಶುರು ಮಾಡಿದರೆ ಇನ್ನೊಬ್ಬಳು ಸೋಲೊಪ್ಪುತ್ತಿರಲಿಲ್ಲ. ಮೇಷ್ಟ್ರು ಮೂಗಿನಲ್ಲೇ ನಕ್ಕು ಮೂಗಿನಲ್ಲೇ ಮುಗಿಸುತ್ತಿದ್ದರು. ಇವರನ್ನೆಲ್ಲ ಬೇಕಾದ ಹದದಲ್ಲಿ ಬೆರೆಸಿ, ಮಾತಿನ ಬಾಲಕ್ಕೆ ಅಂಟಿಸಿ, ಮುಂದಿನ ಮಾತಿನ ತಲೆಗೆ ತಾಗದಂತೆ ಇಳಿಸಬೇಕು. ಚೆನ್ನಾಗಿ ಮಾಡಿದರೆ ಯಾರ ಗಮನಕ್ಕೂ ಬಾರದ ಕೆಲಸ. ಅದೇ ಕಾರಣಕ್ಕೆ ನಗಮ್ಮನಿಗೆ ಅದು ಇಷ್ಟ.

ಆ ವರ್ಷ ಕೈಯಲ್ಲಿದ್ದ ಧಾರಾವಾಹಿಯ ಹೆಸರು ‘ಸೋಮವಾರ ನಾಲ್ಕೂವರೆ’. ಅದರ ನಾಯಕ ಒಬ್ಬ ಲಿಫ್ಟ್ ರಿಪೇರಿಯವನು, ಲಿಫ್ಟ್ ಹತ್ತಲು ಹೆದರುವವನು. ಸಲಕರಣೆಯ ಚೀಲ ಹೊತ್ತುಕೊಂಡು ಒಂಬತ್ತು ಮಹಡಿ ಮೆಟ್ಟಿಲು ಹತ್ತಿ ಹೋಗಿ, ಏದುಸಿರು ಬಿಡುತ್ತಾ, “ನಿಮ್ಮ ಲಿಫ್ಟಿಗೆ ಏನೂ ಆಗಿಲ್ಲ ಸ್ವಾಮಿ, ಆಗಿರೋದು ನಂಗೆ” ಅನ್ನುತ್ತಾನೆ. ಫೋನು ಬಂದರೆ ಬೆಚ್ಚುತ್ತಾನೆ, ಬರದಿದ್ದರೆ ಇನ್ನೂ ಬೆಚ್ಚುತ್ತಾನೆ. ಮನೆಯವರೂ ಬೀದಿಯವರೂ ಅವನನ್ನು ಕರೆಯುವುದು ಗಾಬರಿರಾಯ ಎಂದು. ಪ್ರತಿ ಸೋಮವಾರ ನಾಲ್ಕೂವರೆಗೆ ಅವನು ಕೌನ್ಸೆಲರ್ ಬಳಿ ಹೋಗಿ ಕೂರುತ್ತಾನೆ. ಕಥೆ ಇಷ್ಟೇ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಯಾರಿಗೂ ಗೊತ್ತಿಲ್ಲದ ಸಂಗತಿಯೆಂದರೆ, ನಗಮ್ಮನಿಗೂ ಅಂಥದ್ದೊಂದು ಹೊತ್ತಿತ್ತು: ಗುರುವಾರ ಐದು ಗಂಟೆ.

ಐದು ತಿಂಗಳ ಹಿಂದೆ, ಇದೇ ಸ್ಪಂಜಿನ ಕೋಣೆಯಲ್ಲಿ, ವಾರಗಿತ್ತಿಯರ ನಗುವನ್ನು ಕತ್ತರಿಸುತ್ತಿದ್ದಾಗ ಅವಳ ಎದೆ ಬಾಯಿಗೆ ಬಂದಂತಾಗಿ, ಕೈಕಾಲು ತಣ್ಣಗಾಗಿ, ಇನ್ನು ತನ್ನ ಕಥೆ ಮುಗಿಯಿತು ಅನ್ನಿಸಿತ್ತು. ಆಸ್ಪತ್ರೆಯಲ್ಲಿ ಎದೆಗೆ ಹತ್ತಾರು ವಯರು ಅಂಟಿಸಿ ನೋಡಿದರು. “ಹೃದಯ ಗಟ್ಟಿಯಾಗಿದೆ. ಯಾರ ಹತ್ರನಾದ್ರೂ ಕೂತು ಮಾತಾಡಿ” ಎಂದು ಒಂದು ಚೀಟಿ ಕೊಟ್ಟರು. ಚೀಟಿಯಲ್ಲಿದ್ದ ವಿಳಾಸ ಹಿಡಿದು ಹೋದರೆ ಬೇಕರಿಯ ಮೇಲೊಂದು ಪುಟ್ಟ ಕೋಣೆ. ಎರಡು ಕುರ್ಚಿ, ಒಂದು ಕಾಗದದ ಕರವಸ್ತ್ರದ ಡಬ್ಬ, ನಡುವಯಸ್ಸಿನ ಒಬ್ಬ ಮಹಿಳಾ ಕೌನ್ಸೆಲರ್. ಬ್ರೆಡ್ಡು ಬೇಯುವ ವಾಸನೆಯಲ್ಲಿ ತನ್ನ ಭಯಗಳನ್ನು ಹೇಳಿಕೊಳ್ಳಲು ನಗಮ್ಮನಿಗೆ ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲಾಮೇಲೆ ಗುರುವಾರ ಬಂದರೆ ಸಾಕು ಅನ್ನಿಸತೊಡಗಿತು.

ಸ್ಟುಡಿಯೊದಲ್ಲೂ ಮನೆಯಲ್ಲೂ ಹೇಳಿದ್ದು ಮಾತ್ರ ಹಲ್ಲಿನ ಡಾಕ್ಟರ್ ಎಂದು.

ಮನೆಯೆಂದರೆ ಅಮ್ಮ. ಅಮ್ಮ ಟೈಲರ್. ಮೂವತ್ತು ವರ್ಷ ಶಾಲೆಯ ಯೂನಿಫಾರಂ ಹೊಲಿದವಳು, ಈಗ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಅಕ್ಕಪಕ್ಕದವರ ಬಟ್ಟೆಗಳನ್ನು ಬಿಗಿಮಾಡುವುದು, ಸಡಿಲ ಮಾಡುವುದು, ಗಿಡ್ಡ ಮಾಡುವುದು. ಕೈ ಖಾಲಿ ಇಟ್ಟುಕೊಂಡು ಕೂತವಳೇ ಅಲ್ಲ. ಅಮ್ಮನ ಪ್ರಕಾರ ಲೋಕದ ಅರ್ಧ ಕಾಯಿಲೆಗೆ ಬಿಸಿನೀರು ಸಾಕು, ಉಳಿದರ್ಧಕ್ಕೆ “ಮನಸ್ಸು ಗಟ್ಟಿ ಮಾಡ್ಕೋಬೇಕು, ಅಷ್ಟೇ ಕಣೇ”.

ಇನ್ನೊಂದು ಗುಟ್ಟು ಉಂಟು, ಅದು ಕೆಲಸದ್ದು. ನಗು ಎಲ್ಲಿ ಹಾಕಬೇಕೆಂದು ನಗಮ್ಮ ಹೇಗೆ ಅಷ್ಟು ಕರಾರುವಾಕ್ಕಾಗಿ ಕಂಡುಹಿಡಿಯುತ್ತಾಳೆ ಎಂದು ಸ್ಟುಡಿಯೊದವರು ಬೆರಗಾಗುತ್ತಿದ್ದರು. ಅವಳು ಕಂಡುಹಿಡಿಯುತ್ತಲೇ ಇರಲಿಲ್ಲ. ಭಾನುವಾರ ಬೆಳಿಗ್ಗೆ, ನಗು ಹಾಕದ ಕಂತನ್ನು ಮನೆಯ ಟಿವಿಗೆ ಜೋಡಿಸಿ ಅಮ್ಮನಿಗೆ ತೋರಿಸುತ್ತಿದ್ದಳು. ಗುಂಡಿಯ ಡಬ್ಬದ ಪಕ್ಕದಲ್ಲಿ ಬೆರಳುದ್ದದ ರೆಕಾರ್ಡರ್. ಅಮ್ಮ ಮಡಿಲಲ್ಲಿ ಯಾರದೋ ಪ್ಯಾಂಟು ಹಾಕಿಕೊಂಡು, ಕನ್ನಡಕದ ಮೇಲಿಂದ ನೋಡುತ್ತಾ, ಎಲ್ಲಿ ನಗಬೇಕೆನ್ನಿಸುತ್ತದೋ ಅಲ್ಲಿ ನಗುತ್ತಿದ್ದಳು. ಸೋಮವಾರ ನಗಮ್ಮ ಅಮ್ಮನ ಧ್ವನಿಯನ್ನು ಏಳನೇ ಟ್ರ್ಯಾಕಿನಲ್ಲಿ ಹಾಸಿ, ಅಮ್ಮ ನಕ್ಕ ಜಾಗಗಳಲ್ಲೆಲ್ಲ ಮಾವನನ್ನೂ ಮೇಷ್ಟ್ರನ್ನೂ ವಾರಗಿತ್ತಿಯರನ್ನೂ ಕೂರಿಸಿ, ಕೊನೆಗೆ ಏಳನೇ ಟ್ರ್ಯಾಕನ್ನು ಕೇಳಿಸದಂತೆ ಮುಚ್ಚಿಬಿಡುತ್ತಿದ್ದಳು. ಬಟ್ಟೆ ಹೊಲಿದಾದ ಮೇಲೆ ಕಚ್ಚಾ ದಾರ ಕಿತ್ತು ತೆಗೆದ ಹಾಗೆ. ಊರಿಗೆ ಊರೇ ಅಮ್ಮ ನಕ್ಕಲ್ಲಿ ನಗುತ್ತಿತ್ತು, ಅದು ಅಮ್ಮನಿಗೂ ಗೊತ್ತಿತ್ತು. “ನನ್ನ ಡ್ಯೂಟಿ” ಅನ್ನುತ್ತಿದ್ದಳು. ಭಾನುವಾರ ತಲೆ ಬಾಚಿಕೊಂಡೇ ಟಿವಿ ಮುಂದೆ ಕೂರುತ್ತಿದ್ದಳು.

ಗಾಬರಿರಾಯನೆಂದರೆ ಅಮ್ಮನಿಗೆ ಪ್ರಾಣ.

“ಅಯ್ಯೋ ಇವನ ಮುಖ ನೋಡೇ! ಲಿಫ್ಟಿಗೆ ಕೈ ಮುಗೀತಾನಲ್ಲೇ! ಇಂಥವರೂ ಇರ್ತಾರಾ?”

“ಇರ್ತಾರೆ ಅನ್ಸುತ್ತಮ್ಮ.”

“ಇದ್ರೆ ಅವರ ಮನೆಯೋರಿಗೆ ಟಿವಿನೇ ಬೇಡ ಬಿಡು.”

ಅಮ್ಮ ಕಣ್ಣೊರೆಸಿಕೊಂಡು ನಗುವಾಗ ನಗಮ್ಮನಿಗೆ ಹಿಗ್ಗೂ ಆಗುತ್ತಿತ್ತು, ತನ್ನನ್ನೇ ನೋಡಿ ನಕ್ಕಂತೆಯೂ ಅನ್ನಿಸುತ್ತಿತ್ತು. ಇದನ್ನೇ ಒಂದು ಗುರುವಾರ ಬೇಕರಿಯ ಮೇಲಿನ ಕೋಣೆಯಲ್ಲಿ ಹೇಳಿಕೊಂಡಳು.

“ಅಮ್ಮನಿಗೆ ಹೇಳಿದ್ರೆ ಏನಾಗುತ್ತೆ ಅಂದ್ಕೊಂಡಿದೀರಿ?” ಎಂದು ಕೇಳಿದರು ಕೌನ್ಸೆಲರ್.

“ನಗ್ತಾಳೆ.”

“ನಗದೇ ಇದ್ರೆ?”

ನಗಮ್ಮ ಡಬ್ಬದಿಂದ ಒಂದು ಕಾಗದದ ಕರವಸ್ತ್ರ ತೆಗೆದು ಮಡಿಚತೊಡಗಿದಳು. ಕೆಳಗೆ ಯಾರೋ ಬೇಕರಿಯ ಶಟರ್ ಎಳೆದರು. “ಅದು ಇನ್ನೂ ಕಷ್ಟ ಮೇಡಂ. ಗಾಬರಿರಾಯ ನಮ್ಮನೇಲೇ ಇದಾನೆ ಅಂತ ಗೊತ್ತಾದ್ರೆ ಅವಳು ಆಮೇಲೆ ಯಾವತ್ತೂ ಅವನನ್ನ ನೋಡಿ ನಗಲ್ಲ. ನನ್ನನ್ನ ನೋಡ್ತಾಳೆ. ನಂಗೆ ಅವಳ ನಗು ಬೇಕು. ಕೆಲಸಕ್ಕಲ್ಲ. ಬೇಕು, ಅಷ್ಟೇ.”

ಕೌನ್ಸೆಲರ್ ಏನನ್ನೂ ಬರೆದುಕೊಳ್ಳಲಿಲ್ಲ. “ಸರಿ. ಅವಸರ ಏನಿಲ್ಲ” ಎಂದರು.

ಅವಸರ ಮಾಡಿದ್ದು ಧಾರಾವಾಹಿ. ಒಂಬತ್ತನೇ ಕಂತಿನಲ್ಲಿ ಗಾಬರಿರಾಯ ತನ್ನ ತಾಯಿಗೆ ಸುಳ್ಳು ಹೇಳುತ್ತಾನೆ. ಸೋಮವಾರ ಎಲ್ಲಿಗೆ ಹೋಗ್ತೀಯೋ ಎಂದರೆ ಕಟಿಂಗಿಗೆ ಅನ್ನುತ್ತಾನೆ. ವಾರ ವಾರ ಕಟಿಂಗಿಗೆ ಹೋಗುವ ಮಗನ ಕೂದಲು ವಾರ ವಾರ ಉದ್ದವಾಗುತ್ತಾ, ಕಿವಿ ಮುಚ್ಚಿ, ಭುಜಕ್ಕಿಳಿಯುತ್ತದೆ. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನ ತಲೆಯನ್ನೇ ನೋಡುತ್ತಾಳೆ. ಅವನು ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ, ತೆರೆಯುತ್ತಾನೆ.

ಭಾನುವಾರ ಆ ದೃಶ್ಯ ಹತ್ತಿರ ಬರುತ್ತಿದ್ದಂತೆ ನಗಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. “ಹಾಲಿಟ್ಟಿದ್ದೆ” ಎಂದು ಎದ್ದು ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಅಮ್ಮನ ನಗುವಾಗಲಿ, ನಗದಿರುವುದಾಗಲಿ ಕಿವಿಗೆ ಬೀಳದಿರಲೆಂದು ನಲ್ಲಿ ತಿರುಗಿಸಿ, ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು. ವಾಪಸು ಬಂದಾಗ ಕಂತು ಮುಗಿದಿತ್ತು. ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು.

“ಚೆನ್ನಾಗಿತ್ತಾ?”

“ಹ್ಞೂಂ. ಹಾಲು ಉಕ್ತಾ?” ಎಂದಳು ಅಮ್ಮ.

ಸೋಮವಾರ ನಗಮ್ಮ ತನ್ನ ವೃತ್ತಿಯಲ್ಲೇ ಮಾಡಬಾರದ ತಪ್ಪೊಂದನ್ನು ಮಾಡಿದಳು: ಕಿವಿಯ ಕೆಲಸವನ್ನು ಕಣ್ಣಿಗೆ ಬಿಟ್ಟಳು. ಏಳನೇ ಟ್ರ್ಯಾಕನ್ನು ಕೇಳಲು ಧೈರ್ಯ ಬಾರದೆ ಪರದೆಯ ಮೇಲೆ ಅದರ ಗೆರೆಗಳನ್ನು ನೋಡಿದಳು. ಧ್ವನಿ ಜೋರಾದಲ್ಲಿ ಗೆರೆ ಉಬ್ಬಿರುತ್ತದೆ. ಉಬ್ಬಿದ್ದಲ್ಲೆಲ್ಲ ಅಮ್ಮ ನಕ್ಕಿದ್ದಾಳೆ ಎಂದುಕೊಂಡು ನಗು ಹಾಕುತ್ತಾ ಹೋದಳು. ಕೂದಲಿನ ದೃಶ್ಯದಲ್ಲಿ ಉಬ್ಬು ಇಡೀ ಇಪ್ಪತ್ತೈದು ಸೆಕೆಂಡು ಇತ್ತು. ಅಬ್ಬಾ, ಇಷ್ಟೊಂದು ನಕ್ಕಳೇ ಎಂದು ಅವಳ ಮುಖ ಸಪ್ಪಗಾಯಿತು. ಆದರೂ ಲೆಕ್ಕ ಲೆಕ್ಕವೇ ತಾನೆ? ಮಾವನಿಂದ ಹಿಡಿದು ಮೇಷ್ಟ್ರವರೆಗೆ ಎಲ್ಲರನ್ನೂ ಅಲ್ಲಿ ಸುರಿದಳು.

ಮಂಗಳವಾರ ಹನ್ನೊಂದಕ್ಕೆ ನಿರ್ದೇಶಕರಿಗೆ ಕಂತು ತೋರಿಸಬೇಕು. ಹನ್ನೊಂದಕ್ಕೇ ಅವಳು ದಿನಾ ಅಮ್ಮನಿಗೆ ಫೋನು ಮಾಡುವುದು. ಐದು ನಿಮಿಷ ಮೊದಲೇ ಮಾಡಿದಳು. ಒಂದು ರಿಂಗು, ಎರಡು, ಮೂರು. ನಾಲ್ಕನೆಯ ರಿಂಗಿಗೆ ಅವಳ ತಲೆಯೊಳಗೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು; ಆರನೆಯದಕ್ಕೆ ಆಂಬುಲೆನ್ಸ್ ದಾರಿ ತಪ್ಪಿತ್ತು; ಎಂಟನೆಯದಕ್ಕೆ ಬಂಧುಗಳಿಗೆ ಯಾರು ಸುದ್ದಿ ಮುಟ್ಟಿಸುವುದೆಂಬ ಪ್ರಶ್ನೆ ಬಂದಿತ್ತು. ನಗಮ್ಮ ಕಣ್ಣುಬಿಟ್ಟು, ಕೌನ್ಸೆಲರ್ ಹೇಳಿಕೊಟ್ಟಂತೆ, ಕಾಣುವ ಐದು ವಸ್ತುಗಳನ್ನು ಎಣಿಸತೊಡಗಿದಳು. ಸ್ಪಂಜು. ವಯರು. ಲೋಟ. ಪೆನ್ನಿನ ಮುಚ್ಚಳ. ಐದನೆಯದಾಗಿ ಬಾಗಿಲಲ್ಲಿ ನಿರ್ದೇಶಕರು ಕಂಡರು.

“ಏನ್ರೀ ನಗಮ್ಮ, ಗೋಡೆ ಜೊತೆ ಮಾತಾಡ್ತಿದೀರಿ? ಶುರು ಮಾಡಿ, ಶುರು ಮಾಡಿ.”

ಅವರ ಹಿಂದೆ ಸಂಭಾಷಣೆ ಬರೆಯುವವನು, ಚಹಾದ ಲೋಟ ಹಿಡಿದು. ಅಷ್ಟರಲ್ಲಿ ಫೋನು ಮಿನುಗಿತು. ಅಮ್ಮನ ಸಂದೇಶ: ‘ಸ್ನಾನಕ್ಕೆ ಹೋಗಿದ್ದೆ.’ ಹೋದ ಜೀವ ಬಂದಂತಾಗಿ ನಗಮ್ಮ ಗುಂಡಿ ಒತ್ತಿದಳು. ಏಳನೇ ಟ್ರ್ಯಾಕು ಮುಚ್ಚುವುದು ಮರೆತೇಹೋಯಿತು.

ಮೊದಲ ಹತ್ತು ನಿಮಿಷ ಯಾರಿಗೂ ಗೊತ್ತಾಗಲಿಲ್ಲ. ಅಮ್ಮನ ನಗು ವಾರಗಿತ್ತಿಯರ ನಡುವೆ ಸೇರಿಕೊಂಡಿತ್ತು. “ಯಾರೋ ಹೊಸಬರು ಬಂದಿದಾರಲ್ಲ, ಚೆನ್ನಾಗಿ ನಗ್ತಾರೆ” ಎಂದರು ನಿರ್ದೇಶಕರು. ನಗಮ್ಮನ ಕೈ ಗುಂಡಿಯತ್ತ ಹೋಗುವಷ್ಟರಲ್ಲಿ ಕೂದಲಿನ ದೃಶ್ಯ ಬಂತು. ಗಾಬರಿರಾಯ ಬಾಯಿ ತೆರೆದ. ಇಡೀ ಗುಂಪು ಘೊಳ್ಳೆಂದು ನಕ್ಕಿತು. ಆ ನಗೆಯ ಅಡಿಯಿಂದ, ನಲ್ಲಿಯ ನೀರಿನ ಸದ್ದಿನ ಜೊತೆ, ಅಮ್ಮನ ಮಾತು ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳಿಸಿತು.

“ಲೋ ಗಾಬರಿ, ಯಾಕೋ ಹಂಗೆ ಬಾಯಿ ಬಾಯಿ ಬಿಡ್ತೀಯ? ನಿಮ್ಮಮ್ಮಂಗೆ ಕಣ್ಣಿಲ್ವೇನೋ? ನಮ್ಮನೇಲೂ ಒಬ್ಬಳಿದಾಳೆ ನೋಡಪ್ಪ. ಗುರುವಾರ ಗುರುವಾರ ಹಲ್ಲಿನ ಡಾಕ್ಟರ್ ಅಂತಾಳೆ. ಐದು ತಿಂಗಳಾಯ್ತು. ಇರೋದೇ ಮೂವತ್ತೆರಡು ಹಲ್ಲು. ಮನೆಗೆ ಬಂದು ಐಸ್ ತುಂಡು ಕಟಕಟಾಂತ ಕಡಿದು ತಿಂತಾಳೆ. ಈಗ ನೋಡು, ಇಲ್ಲದ ಹಾಲು ಇಳಿಸೋಕೆ ಹೋಗಿದಾಳೆ.” ಒಂದು ಸಣ್ಣ ನಗು. ಆಮೇಲೆ ದಾರ ಹಲ್ಲಲ್ಲಿ ಕಚ್ಚಿ ತುಂಡರಿಸಿದ ಸದ್ದು. “ಹೇಳೋವಾಗ ಹೇಳ್ಲಿ ಅಂತ ನಾನೂ ಸುಮ್ನಿದೀನಿ. ಗುರುವಾರ ರಾತ್ರಿ ಚೆನ್ನಾಗಿ ನಿದ್ದೆ ಮಾಡ್ತಾಳೆ. ಅಷ್ಟು ಸಾಕು ನಂಗೆ. ನೀನೂ ಹೇಳ್ಬಿಡೋ, ನಿಮ್ಮಮ್ಮ ಏನೂ ಅನ್ನಲ್ಲ.”

ಪರದೆಯ ಮೇಲೆ ಗಾಬರಿರಾಯ ಏನೋ ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಮೂರನೇ ಸಾಲಿನ ಮಾವ ತಡವಾಗಿ ಒಮ್ಮೆ ನಕ್ಕು ಸುಮ್ಮನಾದ.

ನಗಮ್ಮ ಕಂತು ನಿಲ್ಲಿಸಿದಳು. ಎದೆ ಈಗ ಬಾಯಿಗೆ ಬರುತ್ತದೆ ಎಂದು ಕಾದಳು. ಕಿವಿ ಬಿಸಿಯಾಗಿತ್ತು, ಅಂಗೈ ಬೆವೆತಿತ್ತು, ಅಷ್ಟೇ. ಎದೆ ತನ್ನ ಜಾಗದಲ್ಲೇ ಕೂತು ತನ್ನ ಪಾಡಿಗೆ ಬಡಿದುಕೊಳ್ಳುತ್ತಿತ್ತು.

“ಯಾರಿವರು?” ಎಂದರು ನಿರ್ದೇಶಕರು.

“ನಮ್ಮಮ್ಮ ಸರ್.”

“ಹಲ್ಲು ಯಾರದು?”

“ನಂದು.”

ಸಂಭಾಷಣೆ ಬರೆಯುವವನು ಚಹಾ ಕುಡಿಯುವುದನ್ನು ಬಿಟ್ಟು ಲೋಟದೊಳಗೆ ನೋಡತೊಡಗಿದ. ನಿರ್ದೇಶಕರು ಗಡ್ಡ ಕೆರೆದುಕೊಂಡರು. ಅವರು ಬಾಯಿ ತೆರೆದರೆ ಯಾರನ್ನಾದರೂ ಕಿಚಾಯಿಸದೆ ಮುಚ್ಚುವವರಲ್ಲ. ಈಗ ಮಾತ್ರ ಪಾಪ ಅಳೆದು ತೂಗಿ ಕೇಳಿದರು.

“ಅಲ್ರೀ, ಪ್ರತಿ ಗುರುವಾರ ನೀವು ಬೇಗ ಹೋಗೋವಾಗ ನಾನು ರಿಜಿಸ್ಟರಲ್ಲಿ ಹಲ್ಲು, ಹಲ್ಲು ಅಂತ ಬರೀತಾ ಬಂದಿದೀನಿ. ಈಗ ಏನಂತ ಬರೀಲಿ?”

ನಗಮ್ಮ ಒಂದು ಉಸಿರು ಎಳೆದುಕೊಂಡಳು. “ಕೌನ್ಸೆಲಿಂಗ್ ಅಂತ ಬರೀರಿ ಸರ್.”

“ಬರೆದೆ” ಎಂದರು ಅವರು, ಕೈಯಲ್ಲಿ ಪೆನ್ನೂ ಇಲ್ಲದೆ. ಪರದೆಯ ಮೇಲೆ ನಿಂತುಬಿಟ್ಟಿದ್ದ ಗಾಬರಿರಾಯನನ್ನು ನೋಡಿದರು. “ಅಲ್ಲಿ ನಗು ತೆಗೆದುಬಿಡಿ. ಕೂದಲಿಗೆ ನಗಲಿ, ಎಷ್ಟು ಬೇಕಾದ್ರೂ ನಗಲಿ. ಅವನು ಹೇಳೋಕೆ ಹೊರಟಾಗ ಬೇಡ. ಆಮೇಲೆ…”

“ಆಮೇಲೆ?”

“ಅಮ್ಮನ ಆ ಸಣ್ಣ ನಗು ಇದೆಯಲ್ಲ, ಅದೊಂದು ಇರ್ಲಿ. ಅವರು ಒಪ್ಪಿದ್ರೆ. ನಿಮ್ಮ ನಾನ್ನೂರು ಜನದಲ್ಲಿ ಅಂಥದ್ದು ಒಂದೂ ಇಲ್ಲ ಬಿಡಿ.”

ನಿರ್ದೇಶಕರು ಹೋದ ಮೇಲೂ ಸಂಭಾಷಣೆ ಬರೆಯುವವನು ಬಾಗಿಲ ಬಳಿ ಉಳಿದ. “ಅಕ್ಕಾ, ಆ ಐಸಿನ ಮಾತು… ಮುಂದಿನ ಕಂತಿಗೆ ತಗೊಳ್ಲಾ?”

“ನಮ್ಮಮ್ಮನ್ನ ಕೇಳು” ಎಂದಳು ನಗಮ್ಮ.

ಸಂಜೆ ಮನೆಗೆ ನಡೆದುಕೊಂಡೇ ಹೋದಳು. ಬಸ್ಸಿನಲ್ಲಾದರೆ ನಾಲ್ಕು ನಿಲ್ದಾಣದಷ್ಟು ದಾರಿ. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ತಿದ್ದಿ ತೀಡಿ ಹೇಳಿಕೊಂಡಳು. ಮನೆ ತಲುಪುವ ಹೊತ್ತಿಗೆ ವಾಕ್ಯ ಸೊಗಸಾಗಿತ್ತು. ಬಾಗಿಲು ತೆಗೆದದ್ದೇ ತಡ, ಅದು ಮರೆತುಹೋಯಿತು.

ಅಮ್ಮ ಮಿಷನ್ನಿನ ಮುಂದೆ ಕೂತು ಒಂದು ಕೋಟಿನ ಹೊಲಿಗೆ ಬಿಚ್ಚುತ್ತಿದ್ದಳು.

“ಅಮ್ಮ, ನನ್ನ ಹಲ್ಲು ಚೆನ್ನಾಗಿದೆ.”

ಅಮ್ಮ ತಲೆಯೆತ್ತಲಿಲ್ಲ. “ಕೇಳ್ಕೊಂಡ್ಯಾ?”

ನಗಮ್ಮ ಅಲ್ಲೇ ಸ್ಟೂಲಿನ ಮೇಲೆ ಕೂತಳು. “ಅಂದ್ರೆ… ಬೇಕಂತಲೇ ಹೇಳಿದ್ದಾ?”

“ಮತ್ತಿನ್ನೇನು? ಕಣ್ಣೆದುರಿಗೆ ರೆಕಾರ್ಡರಿನ ಕೆಂಪು ದೀಪ ಉರೀತಿತ್ತು. ನಾನೇನು ಟಿವಿ ಜೊತೆ ಮಾತಾಡೋಕೆ ಹುಚ್ಚೀನಾ?” ಅಮ್ಮ ದಾರದ ತುಣುಕುಗಳನ್ನು ಒಂದೊಂದಾಗಿ ಕಿತ್ತು ಡಬ್ಬದ ಮುಚ್ಚಳದಲ್ಲಿ ಇಡುತ್ತಿದ್ದಳು. “ನಿನ್ನ ಮುಖ ನೋಡ್ಕೊಂಡು ಹೇಳೋಕೆ ನಂಗೂ ಆಗ್ಲಿಲ್ಲ ಕಣೇ. ನೀನು ಒಬ್ಬಳೇ ಕೇಳ್ತೀಯ, ಅತ್ರೆ ಅಲ್ಲೇ ಅತ್ಕೊತೀಯ ಅಂತ…”

“ನಿಂಗೆ ಹೇಗೆ ಗೊತ್ತಾಯ್ತು?”

“ಬೂದು ಪ್ಯಾಂಟು ಗಿಡ್ಡ ಮಾಡು ಅಂತ ಕೊಟ್ಟೆಯಲ್ಲ. ಜೇಬು ನೋಡದೆ ಬಟ್ಟೆ ಮುಟ್ಟೋ ಟೈಲರ್ ಎಲ್ಲಾದ್ರೂ ಇದಾಳಾ? ಚೀಟಿ ಇತ್ತು. ಓದ್ದೆ. ಮತ್ತೆ ಅಲ್ಲೇ ಇಟ್ಟೆ.”

“ಅದು ಮೊದಲನೇ ವಾರ!”

“ಹ್ಞೂಂ.”

“ಮತ್ತೆ ಗಾಬರಿರಾಯನ್ನ ನೋಡಿ ಅಷ್ಟು ನಗ್ತಿದ್ದೆ? ಇಂಥವರೂ ಇರ್ತಾರಾ ಅಂದೆ?”

“ನೀನು ಇರ್ತಾರೆ ಅಂತ ಹೇಳ್ಲಿ ಅಂತ ಅಂದೆ. ನೀನೋ, ಅನ್ಸುತ್ತೆ ಅಂದೆ.” ಈಗ ಅಮ್ಮ ಕನ್ನಡಕದ ಮೇಲಿಂದ ನೋಡಿದಳು. “ನಗೋದು ಬಿಡ್ಲಾ? ಅವನು ಲಿಫ್ಟಿಗೆ ಕೈ ಮುಗಿದ್ರೆ ನಗು ಬರುತ್ತಪ್ಪ. ನೀನು ರಾತ್ರಿ ಬೀಗ ಹಾಕಿ ಮೂರು ಸಲ ಎದ್ದು ಬಂದು ಎಳೆದು ನೋಡ್ತೀಯಲ್ಲ, ಆವಾಗ್ಲೂ ಬರುತ್ತೆ. ನನ್ನ ಕೋಣೆ ಬಾಗಿಲ ಹಿಂದೆ ನಿಂತು ನಗ್ತೀನಿ. ಬಂದ್ರೆ ಏನು ಮಾಡ್ಲಿ? ನೀನು ಚೆನ್ನಾಗಿರ್ಬೇಕು, ನಂಗೆ ನಗೂನೂ ಬರ್ಬೇಕು. ಎರಡೂ ಆಗಲ್ವಾ?”

ಐದು ತಿಂಗಳು ಗುರುವಾರ ಗುರುವಾರ ಹೋಗಿ ಹುಡುಕುತ್ತಿದ್ದ ಉತ್ತರ ಅಮ್ಮ ಕೋಟಿನ ಹೊಲಿಗೆ ಬಿಚ್ಚುವಾಗ ಸಿಗುತ್ತದೆಂದು ನಗಮ್ಮ ಎಣಿಸಿರಲಿಲ್ಲ. ಅವಳಿಗೆ ಅಳು ಬರುವ ಹಾಗಿತ್ತು. ಅದನ್ನು ತಡೆಯಲೆಂದು ಬೇರೆ ಮಾತು ಎತ್ತಿದಳು.

“ಒಂದು ವಿಷಯ ಇದೆ ಅಮ್ಮ. ನಾನು ಒಬ್ಬಳೇ ಕೇಳ್ಲಿಲ್ಲ.”

“ಮತ್ತೆ?”

“ನಿರ್ದೇಶಕರೂ ಕೇಳಿದ್ರು. ಬರೆಯೋನೂ ಕೇಳ್ದ. ದೊಡ್ಡ ಸ್ಪೀಕರಲ್ಲಿ.”

ಅಮ್ಮನ ಕೈಯ ಕೋಟು ಮಡಿಲಿಗೆ ಜಾರಿತು. “ಅಯ್ಯಯ್ಯೋ! ಐಸಿಂದೂ?”

“ಐಸಿಂದೂ.”

“ಅಯ್ಯೋ ನನ್ನ ಮಾನ! ಆಮೇಲೆ? ಅವರೆಲ್ಲ ನಕ್ರಾ?”

“ಇಲ್ಲ. ಯಾರೂ ನಗ್ಲಿಲ್ಲ.”

“ಯಾಕೆ?” ಅಮ್ಮನಿಗೆ ನಿಜವಾಗಿಯೂ ಬೇಜಾರಾಯಿತು. “ನಾನು ತಮಾಷೆಯಾಗೇ ಹೇಳಿದ್ನಲ್ಲೇ!”

ಮೊದಲು ನಕ್ಕವಳು ನಗಮ್ಮ. ಅಮ್ಮ ಅರ್ಧ ಸೆಕೆಂಡು ತಡವಾಗಿ, ಮೂರನೇ ಸಾಲಿನ ಮಾವನ ಹಾಗೆ ಸೇರಿಕೊಂಡಳು. ಆಮೇಲೆ ಇಬ್ಬರೂ ವಾರಗಿತ್ತಿಯರಂತೆ, ಒಬ್ಬಳು ನಿಲ್ಲಿಸಿದರೆ ಇನ್ನೊಬ್ಬಳು ಎತ್ತಿಕೊಂಡು. ಎಷ್ಟೋ ಹೊತ್ತಿನ ಮೇಲೆ ಅಮ್ಮ ಯಾರದೋ ಕೋಟಿನ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

ಗುರುವಾರ ನಾಲ್ಕಕ್ಕೇ ಕೆಲಸ ಮುಗಿಸಿ ಬಂದ ನಗಮ್ಮ ಬಟ್ಟೆ ಬದಲಿಸಿ ಹೊರಟಳು. ಬೀಗದ ಚಿಂತೆಯಿಲ್ಲ, ಅಮ್ಮ ಮನೆಯಲ್ಲೇ ಇದ್ದಳು. ಆದರೂ ಗೇಟಿನ ತನಕ ಹೋದವಳು ಒಲೆ ಆರಿಸಿದೆನೋ ಇಲ್ಲವೋ ಎಂದು ವಾಪಸು ಬಂದಳು. ಒಲೆ ಆರಿತ್ತು. ಅಮ್ಮ ಮಿಷನ್ನಿನ ಹಿಂದೆ ತುಟಿ ಬಿಗಿಹಿಡಿದು ಕೂತಿದ್ದಳು.

“ನಗು ಅಮ್ಮ, ನಗು. ತಡ್ಕೋಬೇಡ.”

“ನಾನೆಲ್ಲಿ ನಗ್ತಿದೀನಿ?” ಎಂದು ಅಮ್ಮ ಗುಂಡಿಯ ಡಬ್ಬ ತಡಕಾಡಿದಳು. ಮಗಳು ಮತ್ತೆ ಹೊಸ್ತಿಲು ದಾಟುವಾಗ ಹಿಂದಿನಿಂದ ಕೂಗಿದಳು:

“ಏನೇ, ಹಲ್ಲುಜ್ಜಿದೀಯಾ? ಡಾಕ್ಟ್ರು ಬೈತಾರೆ!”

ಬೀದಿಯ ತಿರುವು ದಾಟುವ ತನಕವೂ ನಗಮ್ಮನಿಗೆ ಅಮ್ಮನ ನಗು ಕೇಳಿಸುತ್ತಿತ್ತು.